ಅಂಗಡಿ ಗ್ರೂಪಿಗೊಂದು ಬಾಟ್: ಮಾಡುವುದು ಹೇಗೆ, ಓಡಿಸುವುದು ಎಲ್ಲಿ, ಕೀಲಿ ಯಾರ ಕೈಯಲ್ಲಿ?

ಕಬಕ: ಬೆಳಿಗ್ಗೆ ಒಂಬತ್ತೂವರೆಗೆ ಯಜಮಾನರು ಅಂಗಡಿಯ ವಾಟ್ಸ್ಯಾಪ್ ಗ್ರೂಪಿಗೆ ಆ ದಿನದ ಅಡಿಕೆ ಧಾರಣೆ ಹಾಕುತ್ತಾರೆ. ಹತ್ತೂವರೆಗೆ ಐದು ರೂಪಾಯಿ ಇಳಿಸಿ ಮತ್ತೊಂದು ಮೆಸೇಜು. ನಡುವೆ ಹದಿನೈದು ಗುಡ್ ಮಾರ್ನಿಂಗ್, ಯಾರದ್ದೋ ಮಗುವಿನ ಹುಟ್ಟುಹಬ್ಬ, ಒಂದು ಕಾಡಾನೆ ವಿಡಿಯೋ. ವಿಟ್ಲ ರಸ್ತೆಯ ಬ್ರಾಂಚಿನಲ್ಲಿ ಕೂತವನ ಕಣ್ಣಿಗೆ ಬಿದ್ದದ್ದು ಮೊದಲಿನ ಮೆಸೇಜು ಮಾತ್ರ. ಅದೇ ರೇಟಿಗೆ ಹತ್ತು ಕ್ವಿಂಟಾಲ್ ತೂಕ ಮಾಡಿಸಿಕೊಂಡರೆ ಅಂಗಡಿಗೆ 5,000 ರೂಪಾಯಿ ಹೋಯಿತು. ಹುಡುಗನಿಗೆ ಬೈದು ಪ್ರಯೋಜನ ಇಲ್ಲ, ಗ್ರೂಪ್ ಇರುವುದೇ ಹಾಗೆ.

ಎರಡು ಮೂರು ಕಡೆ ಬ್ರಾಂಚ್ ಅಥವಾ ಗೋಡೌನ್ ಇಟ್ಟುಕೊಂಡ ಅಂಗಡಿಗಳಿಗೆ ಇದು ದಿನನಿತ್ಯದ ತಲೆನೋವು. ಅಡಿಕೆ ಖರೀದಿಯವರಿಗೆ ಧಾರಣೆ, ಗೊಬ್ಬರ ಮತ್ತು ಹಾರ್ಡ್‌ವೇರ್‌ನವರಿಗೆ ಸ್ಟಾಕು, ಶಾಮಿಯಾನದವರಿಗೆ ಯಾವ ದಿನ ಯಾವ ಮನೆಗೆ ಎಷ್ಟು ಕುರ್ಚಿ ಎಂಬ ಲೆಕ್ಕ. ಇಂಥ ಕೆಲಸಕ್ಕೆ ಈಗ ಚಾಟ್ ಬಾಟ್ ಬಳಸಬಹುದು. ಅದನ್ನು ಮಾಡುವುದು ಐದು ನಿಮಿಷದ ಕೆಲಸ. ಕಷ್ಟ ಇರುವುದು ಆಮೇಲೆ: ಅದು ಎಲ್ಲಿ ಓಡುತ್ತದೆ, ಅದರ ಕೀಲಿ ಯಾರ ಹತ್ತಿರ ಉಂಟು ಎಂಬ ಎರಡು ಪ್ರಶ್ನೆಯಲ್ಲಿ.

ಬಾಟ್ ಅಂದರೆ ಎಂತದ್ದು?

ಗ್ರೂಪಿನಲ್ಲಿ ಒಬ್ಬ ಸದಸ್ಯನ ಹಾಗೆ ಕೂತಿರುವ ಒಂದು ಪ್ರೋಗ್ರಾಂ. ಯಾರಾದರೂ ಕೇಳಿದರೆ ಉತ್ತರ ಕೊಡುತ್ತದೆ, ಹೇಳಿದ ಸಮಯಕ್ಕೆ ತಾನಾಗಿ ಮೆಸೇಜು ಹಾಕುತ್ತದೆ. ಅಷ್ಟೇ. ಈಗ ಬಾಟ್ ಎಂದ ಕೂಡಲೇ ಎಐ ಎಂದು ಎಲ್ಲರೂ ತಿಳಿಯುತ್ತಾರೆ. ಅಂಗಡಿ ಕೆಲಸಕ್ಕೆ ಎಐ ಬೇಕಾಗಿಯೇ ಇಲ್ಲ. ಇಂದಿನ ಧಾರಣೆ ಎಷ್ಟು ಎಂದರೆ ಶೀಟಿನಲ್ಲಿ ಬರೆದದ್ದನ್ನು ಹಾಗೇ ಹೇಳಿದರೆ ಸಾಕು, ತನ್ನ ತಲೆ ಓಡಿಸುವುದು ಬೇಡ.

ಮನುಷ್ಯರ ಜೊತೆ ಮಾತಾಡುವ ಪ್ರೋಗ್ರಾಂ ಹೊಸದಲ್ಲ. ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ತಯಾರಿಸಿದ 'ಎಲೈಜಾ' 1966ರದ್ದು. ಕೆಲಸಗಾರರ ತಂಡಕ್ಕೆ ಬಾಟ್ ಎಂಬುದು ಜೋರಾದದ್ದು ಗಿಟ್‌ಹಬ್ ಕಂಪೆನಿ ತನ್ನ ಆಫೀಸಿನೊಳಗೆ ಬಳಸುತ್ತಿದ್ದ 'ಹ್ಯೂಬಾಟ್' ಅನ್ನು 2011ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಮೇಲೆ. ನಮ್ಮ ರಾಜ್ಯದಲ್ಲಿ ಜನಸಾಮಾನ್ಯರು ಬಳಸಿದ ಬಾಟ್ ಎಂದರೆ ಬೆಂಗಳೂರಿನ ನಮ್ಮ ಮೆಟ್ರೋದ್ದು. 2022ರ ನವೆಂಬರ್ 1ರಿಂದ ವಾಟ್ಸ್ಯಾಪ್‌ನಲ್ಲೇ ಮಾತಾಡಿ ಕ್ಯೂಆರ್ ಟಿಕೆಟ್ ತೆಗೆಯುವ ವ್ಯವಸ್ಥೆ ಅಲ್ಲಿ ಬಂತು. ಅದು ಗಿರಾಕಿಗಳಿಗಾಗಿ ಮಾಡಿದ್ದು. ಇಲ್ಲಿ ಹೇಳುವುದು ಅಂಗಡಿಯೊಳಗಿನ ತಂಡಕ್ಕೆ ಬೇಕಾದದ್ದು.

ವಾಟ್ಸ್ಯಾಪ್‌ನಲ್ಲೇ ಮಾಡಿದರೆ ಆಗುವುದಿಲ್ಲವಾ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು, ನ್ಯಾಯವೇ. ಎಲ್ಲರ ಮೊಬೈಲಿನಲ್ಲಿ ಇರುವುದು ಅದೇ ಅಲ್ಲವಾ.

2018ರಲ್ಲಿ ಬಂದ ವಾಟ್ಸ್ಯಾಪ್ ಬಿಸಿನೆಸ್ ಆ್ಯಪ್ ಉಚಿತ. ಅದರಲ್ಲಿ ಸ್ವಾಗತ ಮೆಸೇಜು, ಅಂಗಡಿ ಮುಚ್ಚಿದಾಗ ಹೋಗುವ ಮೆಸೇಜು, ಪದೇಪದೇ ಹೇಳಬೇಕಾದ ಉತ್ತರಗಳನ್ನು ಬರೆದಿಟ್ಟುಕೊಳ್ಳುವ ಸೌಲಭ್ಯ, ಲೇಬಲ್, ಕ್ಯಾಟಲಾಗ್ ಎಲ್ಲ ಉಂಟು. ಒಬ್ಬರೇ ನಡೆಸುವ ಅಂಗಡಿಗೆ ಇದು ಧಾರಾಳ. ಅಂಥವರು ಬಾಟ್ ಗೋಜಿಗೆ ಹೋಗುವ ಅಗತ್ಯವೇ ಇಲ್ಲ.

ನಿಜವಾದ ಬಾಟ್ ಬೇಕೆಂದರೆ ಮೆಟಾ ಕಂಪೆನಿಯ ಅಧಿಕೃತ ಬಿಸಿನೆಸ್ ಎಪಿಐ ಮೂಲಕ ಹೋಗಬೇಕು. ವ್ಯವಹಾರದ ದಾಖಲೆ ಕೊಡಬೇಕು. ಗಿರಾಕಿ ಮೆಸೇಜು ಹಾಕಿ 24 ಗಂಟೆ ಕಳೆದ ಮೇಲೆ ನಾವಾಗಿ ಬರೆಯಬೇಕಾದರೆ ಮೊದಲೇ ಒಪ್ಪಿಗೆ ಪಡೆದ ಮಾದರಿ ಮೆಸೇಜು ಮಾತ್ರ ಹಾಕಬಹುದು, ಅದಕ್ಕೆ ಹಣವೂ ಆಗುತ್ತದೆ. ಅದು ಗಿರಾಕಿಗಳ ಜೊತೆ ಮಾತಾಡಲು ಮಾಡಿದ ವ್ಯವಸ್ಥೆ. ನಾಲ್ಕೈದು ಜನರ ಅಂಗಡಿ ಗ್ರೂಪಿಗೆ ಹೇಳಿ ಮಾಡಿಸಿದ್ದಲ್ಲ.

ಮೂರನೆಯ ದಾರಿ ಒಂದುಂಟು, ಅದರ ಬಗ್ಗೆ ಜಾಗ್ರತೆ. ನಿಮ್ಮ ಮಾಮೂಲಿ ನಂಬರಿನ ವಾಟ್ಸ್ಯಾಪ್ ವೆಬ್ ಕ್ಯೂಆರ್ ಸ್ಕ್ಯಾನ್ ಮಾಡಿ ಬಾಟ್ ಮಾಡಿಕೊಡುತ್ತೇವೆ ಎನ್ನುವ ಸಾಫ್ಟ್‌ವೇರ್‌ಗಳು ಕಡಿಮೆ ಬೆಲೆಗೆ ಸಿಗುತ್ತವೆ. ಅವು ವಾಟ್ಸ್ಯಾಪ್ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ನಂಬರೇ ಬ್ಯಾನ್. ಹತ್ತು ವರ್ಷದಿಂದ ಅಂಗಡಿ ಬೋರ್ಡಿನಲ್ಲಿ, ಬಿಲ್ ಬುಕ್ಕಿನಲ್ಲಿ, ಕೃಷಿಕರ ಮೊಬೈಲಿನಲ್ಲಿ ಇರುವ ನಂಬರನ್ನು ಇದಕ್ಕಾಗಿ ಕಳಕೊಳ್ಳುವುದು ಬುದ್ಧಿವಂತಿಕೆ ಅಲ್ಲ.

ಆಫೀಸುಗಳಲ್ಲಿ ಬಳಸುವ ಸ್ಲ್ಯಾಕ್‌ನಲ್ಲಿ ಬಾಟ್ ಮಾಡುವುದು ಸುಲಭ, ಆದರೆ ಉಚಿತ ಪ್ಲಾನಿನಲ್ಲಿ 90 ದಿನಕ್ಕಿಂತ ಹಳೆಯ ಮೆಸೇಜು ಕಾಣುವುದಿಲ್ಲ. ಮ್ಯಾಟರ್‌ಮೋಸ್ಟ್ ಎಂಬುದನ್ನು ಸ್ವಂತ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ಅದನ್ನು ನೋಡಿಕೊಳ್ಳಲು ಒಬ್ಬ ತಿಳಿದವ ಬೇಕು. ಹಾಗಾಗಿ ಸಣ್ಣ ಅಂಗಡಿಗೆ ಉಳಿಯುವುದು ಟೆಲಿಗ್ರಾಂ. 2015ರ ಜೂನ್‌ನಿಂದ ಅಲ್ಲಿ ಬಾಟ್ ಮಾಡಲು ಯಾರಿಗೂ ಅವಕಾಶ ಉಂಟು, ಹಣ ಕೊಡಬೇಕಾಗಿಲ್ಲ. ತೊಂದರೆ ಒಂದೇ, ಅಂಗಡಿಯವರೆಲ್ಲ ಇನ್ನೊಂದು ಆ್ಯಪ್ ಹಾಕಿಕೊಳ್ಳಬೇಕು. ಅದನ್ನೇ ಲಾಭ ಎಂದೂ ತಿಳಿಯಬಹುದು: ಗುಡ್ ಮಾರ್ನಿಂಗ್ ಮತ್ತು ಕಾಡಾನೆ ವಾಟ್ಸ್ಯಾಪ್‌ನಲ್ಲೇ ಉಳಿಯುತ್ತದೆ.

ಮಾಡುವ ಕ್ರಮ

ಟೆಲಿಗ್ರಾಂನಲ್ಲಿ 'ಬಾಟ್‌ಫಾದರ್' ಎಂದು ಹುಡುಕಿ. ನೀಲಿ ಟಿಕ್ ಇರುವುದೇ ಅಸಲಿ. ಅದನ್ನು ಸ್ಟಾರ್ಟ್ ಮಾಡಿ, ಇಂಗ್ಲಿಷ್ ಅಕ್ಷರದಲ್ಲಿ ಓರೆಗೆರೆ ಹಾಕಿ 'ನ್ಯೂಬಾಟ್' ಎಂದು ಬರೆದು ಕಳಿಸಿದರೆ ಎರಡು ಹೆಸರು ಕೇಳುತ್ತದೆ. ಮೊದಲನೆಯದು ಎಲ್ಲರಿಗೂ ಕಾಣುವ ಹೆಸರು, ಕನ್ನಡದಲ್ಲೇ ಇಡಬಹುದು. ಎರಡನೆಯದು ಯೂಸರ್‌ನೇಮ್, ಅದು ಇಂಗ್ಲಿಷ್ ಅಕ್ಷರದಲ್ಲಿ ಇದ್ದು ಕೊನೆಗೆ 'ಬಾಟ್' ಎಂದೇ ಮುಗಿಯಬೇಕು. ನಮ್ಮವರಿಗೆ ಇದು ಗೊಂದಲ ಅನ್ನಿಸಬಾರದು, ಪುತ್ತೂರಿನ ರೈಲು ನಿಲ್ದಾಣಕ್ಕೂ 'ಕಬಕ ಪುತ್ತೂರು' ಎಂದು ಬೇರೆಯೇ ಹೆಸರು ಉಂಟಲ್ಲ.

ಕೂಡಲೇ ಒಂದು ಉದ್ದದ ಟೋಕನ್ ಬರುತ್ತದೆ: ಮೊದಲು ಅಂಕೆಗಳು, ನಂತರ ಕೋಲನ್, ಆಮೇಲೆ ಗಿಜಿಬಿಜಿ ಅಕ್ಷರ. ಇದೇ ಕೀಲಿ. ಇದನ್ನು ಗ್ರೂಪಿಗೆ ಫಾರ್ವರ್ಡ್ ಮಾಡಬೇಡಿ, ಸ್ಕ್ರೀನ್‌ಶಾಟ್ ತೆಗೆದು ಯಾರಿಗೂ ಕಳಿಸಬೇಡಿ.

ನಂತರ ಅಂಗಡಿಗೆ ಒಂದು ಟೆಲಿಗ್ರಾಂ ಗ್ರೂಪ್ ಮಾಡಿ ಬಾಟ್ ಅನ್ನು ಸೇರಿಸಿ. ಇಲ್ಲಿ ಕೆಲವು ವಿಷಯ ಮೊದಲೇ ಗೊತ್ತಿದ್ದರೆ ಒಂದು ದಿನ ಉಳಿಯುತ್ತದೆ.

ಹೊಸ ಬಾಟ್‌ಗೆ ಗ್ರೂಪಿನ ಎಲ್ಲ ಮಾತು ಕೇಳಿಸುವುದಿಲ್ಲ. 'ಪ್ರೈವೆಸಿ ಮೋಡ್' ಆನ್ ಇರುತ್ತದೆ. ಓರೆಗೆರೆಯಿಂದ ಶುರುವಾಗುವ ಆಜ್ಞೆ ಮತ್ತು ಬಾಟ್‌ನ ಮೆಸೇಜಿಗೆ ಕೊಟ್ಟ ರಿಪ್ಲೈಗಳೇ ಅದಕ್ಕೆ ಮುಖ್ಯವಾಗಿ ತಲುಪುವುದು. ಬಾಟ್ ಸುಮ್ಮನೆ ಕೂತಿದೆ, ಕೆಟ್ಟುಹೋಗಿದೆ ಎಂದು ಹಲವರು ತಿಳಿಯುವುದು ಇದರಿಂದ. ಬಾಟ್‌ಫಾದರ್‌ನಲ್ಲಿ ಇದನ್ನು ಆಫ್ ಮಾಡಬಹುದು, ಮಾಡಿದ ಮೇಲೆ ಬಾಟ್ ಅನ್ನು ಗ್ರೂಪಿನಿಂದ ತೆಗೆದು ಪುನಃ ಸೇರಿಸಬೇಕು. ಆದರೆ ಹಾಗೇ ಬಿಡುವುದು ಒಳ್ಳೆಯದು. ಕೆಲಸದವರು ತಮ್ಮತಮ್ಮಲ್ಲಿ ಮಾತಾಡುವುದೆಲ್ಲ ಯಜಮಾನರ ಕಂಪ್ಯೂಟರಿಗೆ ಯಾಕೆ ಹೋಗಬೇಕು?

ಬಾಟ್ ತಾನಾಗಿ ಯಾರಿಗೂ ಖಾಸಗಿ ಮೆಸೇಜು ಶುರು ಮಾಡುವ ಹಾಗಿಲ್ಲ. ಆ ವ್ಯಕ್ತಿ ಒಮ್ಮೆ ಸ್ಟಾರ್ಟ್ ಒತ್ತಿರಬೇಕು. ಎಲ್ಲರ ಕೈಯಲ್ಲೂ ಮೊದಲ ದಿನವೇ ಒತ್ತಿಸಿಬಿಡಿ.

ಗ್ರೂಪಿಗೆ ಒಂದು ಸಂಖ್ಯೆ ಇರುತ್ತದೆ, ಮೈನಸ್‌ನಿಂದ ಶುರುವಾಗುತ್ತದೆ. ಬಾಟ್‌ಗೆ ವಿಳಾಸ ಎಂದರೆ ಅದೇ. ಸಾದಾ ಗ್ರೂಪ್ ಸೂಪರ್‌ಗ್ರೂಪ್ ಆಗಿ ಬದಲಾದರೆ ಈ ಸಂಖ್ಯೆ ಬದಲಾಗುತ್ತದೆ, ಬಾಟ್ ಹಳೆಯ ವಿಳಾಸಕ್ಕೆ ಕಳಿಸುತ್ತಾ ಇರುತ್ತದೆ. ನಿನ್ನೆವರೆಗೆ ಸರಿಯಿದ್ದದ್ದು ಇವತ್ತು ಮಾತಾಡದಿದ್ದರೆ ಮೊದಲು ಇದನ್ನು ನೋಡಬೇಕು.

ಎಲ್ಲಕ್ಕಿಂತ ಮುಖ್ಯ: ಯೂಸರ್‌ನೇಮ್ ಗೊತ್ತಾದ ಯಾರು ಬೇಕಾದರೂ ನಿಮ್ಮ ಬಾಟ್‌ಗೆ ಮೆಸೇಜು ಹಾಕಬಹುದು. ಪಕ್ಕದ ಅಂಗಡಿಯವರೂ ಸಹ. ಆದ್ದರಿಂದ ನಮ್ಮ ಆರು ಜನರ ಟೆಲಿಗ್ರಾಂ ಐಡಿಗೆ ಬಿಟ್ಟು ಬೇರೆಯವರಿಗೆ ಉತ್ತರ ಕೊಡಬಾರದು ಎಂಬ ಸಾಲು ಪ್ರೋಗ್ರಾಂನಲ್ಲಿ ಇರಲೇಬೇಕು. ಬರೆದುಕೊಡುವವರ ಹತ್ತಿರ ಕೇಳಬೇಕಾದ ಮೊದಲ ಪ್ರಶ್ನೆ ಇದು.

ಎಂತ ಕೆಲಸ ಕೊಡುವುದು?

ಹತ್ತು ಕೆಲಸ ಒಟ್ಟಿಗೆ ಕೊಟ್ಟರೆ ಒಂದೂ ಸರಿ ಆಗುವುದಿಲ್ಲ. ಒಂದೋ ಎರಡೋ ಸಾಕು.

ಧಾರಣೆಯ ವಿಷಯವನ್ನೇ ತೆಗೆದುಕೊಳ್ಳಿ. ಯಜಮಾನರು ಗೂಗಲ್ ಶೀಟಿನಲ್ಲಿ ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿ, ಕೋಕ, ಕರಿಗೋಟು ಎಂದು ಸಾಲಾಗಿ ರೇಟು ಬರೆಯುತ್ತಾರೆ. ಬಾಟ್ ಅದನ್ನು ಗ್ರೂಪಿನಲ್ಲಿ ಒಂದು ಮೆಸೇಜಾಗಿ ಹಾಕಿ ಪಿನ್ ಮಾಡುತ್ತದೆ, ಅದಕ್ಕೆ ಬಾಟ್ ಅನ್ನು ಪಿನ್ ಮಾಡುವ ಅಧಿಕಾರ ಕೊಟ್ಟು ಅಡ್ಮಿನ್ ಮಾಡಬೇಕು. ಆದರೆ ಅಡ್ಮಿನ್ ಆದ ಬಾಟ್‌ಗೆ ಗ್ರೂಪಿನ ಎಲ್ಲ ಮೆಸೇಜೂ ತಲುಪುತ್ತದೆ, ಪ್ರೈವೆಸಿ ಮೋಡ್ ಆಗ ಲೆಕ್ಕಕ್ಕಿಲ್ಲ. ಅದು ಬೇಡವೆಂದರೆ ಬಾಟ್ ಹಾಕಿದ ಮೆಸೇಜನ್ನು ಒಮ್ಮೆ ಯಜಮಾನರೇ ಕೈಯಾರೆ ಪಿನ್ ಮಾಡಿದರೆ ಆಯಿತು. ರೇಟು ಬದಲಾದರೆ ಬಾಟ್ ಅದೇ ಮೆಸೇಜನ್ನು ತಿದ್ದುತ್ತದೆ. ಮೇಲೆ ಪಿನ್ ಆಗಿ ಕಾಣುವುದು ಯಾವಾಗಲೂ ಈಗಿನ ರೇಟೇ. ಒಂದು ಸಣ್ಣ ವಿಷಯ: ತಿದ್ದಿದರೆ ಮೊಬೈಲಿನಲ್ಲಿ ಶಬ್ದ ಆಗುವುದಿಲ್ಲ. ಹಾಗಾಗಿ 'ಧಾರಣೆ ಬದಲಾಗಿದೆ, ಮೇಲೆ ನೋಡಿ' ಎಂದು ಜೊತೆಗೆ ಒಂದು ಸಾಲು ಹೊಸದಾಗಿ ಹಾಕಿಸಬೇಕು.

ಗೊಬ್ಬರ ಅಂಗಡಿಯವರದ್ದು ಬೇರೆ. ಮಳೆಗಾಲ ಶುರುವಾಗುವಾಗ ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿ. ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಎರಡರಲ್ಲಿ ಒಂದು ಮುಗಿದರೂ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾರೆ, ಎರಡನ್ನೂ ಅಲ್ಲೇ ತೆಗೆಯುತ್ತಾರೆ. ಸ್ಟಾಕು ಇಂತಿಷ್ಟಕ್ಕಿಂತ ಇಳಿದರೆ ಬಾಟ್ ಗ್ರೂಪಿಗೆ ಹೇಳಬೇಕು, ಅಷ್ಟು ಮಾಡಿದರೆ ಆಯಿತು.

ಭಾಷೆಯ ಸಂಗತಿಯೂ ಉಂಟು. ಒಬ್ಬ 'ಅಡಿಕೆ' ಎಂದು ಬರೆದರೆ ಮತ್ತೊಬ್ಬ 'ಅಡಕೆ', ಇನ್ನೊಬ್ಬ ತುಳುವಿನಲ್ಲಿ 'ಬಜ್ಜೈ', ಅರ್ಧ ಜನ ಇದನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ. ಟೆಲಿಗ್ರಾಂನ ಆಜ್ಞೆಗಳಿಗೆ ಇಂಗ್ಲಿಷ್ ಅಕ್ಷರ, ಅಂಕೆ, ಅಡಿಗೆರೆ ಬಿಟ್ಟು ಬೇರೇನೂ ಆಗುವುದಿಲ್ಲ. ಆದರೆ ಬಟನ್ ಮೇಲೆ ಕನ್ನಡ ಧಾರಾಳವಾಗಿ ಬರೆಯಬಹುದು. ಟೈಪ್ ಮಾಡಿಸುವುದನ್ನು ಬಿಟ್ಟು 'ಇಂದಿನ ಧಾರಣೆ', 'ಸ್ಟಾಕು', 'ಲೋಡ್ ಹೊರಟಿತು' ಎಂದು ಮೂರು ಬಟನ್ ಕೊಟ್ಟರೆ ಸ್ಪೆಲ್ಲಿಂಗ್ ಜಗಳ ಮುಗಿಯಿತು. ತೂಕ ಮಾತ್ರ ಟೈಪ್ ಮಾಡಬೇಕು. ಹಿರಿಯರು ಕನ್ನಡ ಅಂಕೆ ಹಾಕಿದರೆ ಪೈಥಾನ್ ಅದನ್ನು ಸಂಖ್ಯೆ ಎಂದೇ ಓದುತ್ತದೆ, ಜಾವಾಸ್ಕ್ರಿಪ್ಟ್ ಓದುವುದಿಲ್ಲ, ಅದರಲ್ಲಿ ಮೊದಲು ಬದಲಾಯಿಸಿಕೊಳ್ಳಬೇಕು.

ಓಡಿಸುವುದು ಎಲ್ಲಿ?

ಟೆಲಿಗ್ರಾಂ ಬಾಟ್‌ಗೆ ಹೆಸರು ಮತ್ತು ದಾರಿ ಕೊಡುತ್ತದೆ, ಮೆದುಳು ಕೊಡುವುದಿಲ್ಲ. ಪ್ರೋಗ್ರಾಂ ಎಲ್ಲಿಯಾದರೂ 24 ಗಂಟೆ ಓಡುತ್ತಾ ಇರಬೇಕು. ಮೆಸೇಜು ತರಿಸಿಕೊಳ್ಳಲು ಎರಡು ಕ್ರಮ. ನಾವೇ ಟೆಲಿಗ್ರಾಂಗೆ ಹೋಗಿ 'ಏನಾದರೂ ಬಂದಿದೆಯಾ' ಎಂದು ಕೇಳುತ್ತಾ ಇರುವುದು ಪೋಲಿಂಗ್. ಬಂದ ಕೂಡಲೇ ಟೆಲಿಗ್ರಾಂ ನಮ್ಮ ಬಾಗಿಲಿಗೆ ತಂದುಕೊಡುವುದು ವೆಬ್‌ಹುಕ್. ವೆಬ್‌ಹುಕ್‌ಗೆ ಹೊರಗಿನಿಂದ ತಲುಪಬಹುದಾದ ಎಚ್‌ಟಿಟಿಪಿಎಸ್ ವಿಳಾಸ ಬೇಕು, ಪೋರ್ಟು 443, 80, 88, 8443 ಈ ನಾಲ್ಕರಲ್ಲಿ ಒಂದಾಗಿರಬೇಕು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಸಾಮಾನ್ಯವಾಗಿ ಇಂಥ ವಿಳಾಸ ಸಿಗುವುದಿಲ್ಲ, ಮನೆಯ ಫೈಬರ್ ಕನೆಕ್ಷನ್‌ನಲ್ಲೂ ಹೆಚ್ಚಾಗಿ ಇಲ್ಲ. ಹಾಗಾಗಿ ಅಂಗಡಿಯೊಳಗಿನ ಕಂಪ್ಯೂಟರಿಗೆ ಪೋಲಿಂಗೇ ಸರಿ.

ಹಳೆಯ ಲ್ಯಾಪ್‌ಟಾಪ್ ಒಂದು ಮೂಲೆಯಲ್ಲಿದ್ದರೆ ಅದೇ ಒಳ್ಳೆಯ ಜಾಗ. ಬ್ಯಾಟರಿ ಸ್ವಲ್ಪ ಹಿಡಿಯುತ್ತದಾದರೆ ಅದರೊಳಗೇ ಯುಪಿಎಸ್ ಇದ್ದ ಹಾಗೆ. ಮುಚ್ಚಿದರೂ ನಿದ್ರೆಗೆ ಹೋಗದ ಹಾಗೆ ಸೆಟ್ಟಿಂಗ್ ಬದಲಿಸಬೇಕು, ಕಂಪ್ಯೂಟರ್ ಆನ್ ಆದ ಕೂಡಲೇ ಪ್ರೋಗ್ರಾಂ ತಾನಾಗಿ ಶುರುವಾಗುವ ಹಾಗೆ ಮಾಡಬೇಕು. ಎರಡನೆಯದನ್ನು ಮರೆತರೆ ಒಂದು ಪವರ್ ಕಟ್ ಸಾಕು, ಮರುದಿನದಿಂದ ಬಾಟ್ ಮಾಯ.

ಪವರ್ ಕಟ್ ಎಂದಾಗ ಮಳೆಗಾಲದ ಮಾತು ಬಂತು. ಮರ ಬಿದ್ದು ಮೆಸ್ಕಾಂ ಲೈನ್ ಹೋದರೆ ಇಲ್ಲಿ ಅರ್ಧ ದಿನ ಕರೆಂಟ್ ಇಲ್ಲದಿರುವುದು ಹೊಸದಲ್ಲ. ಬಾಟ್‌ಗೆ ಬಂದ ಮೆಸೇಜನ್ನು ಟೆಲಿಗ್ರಾಂ 24 ಗಂಟೆವರೆಗೆ ಇಟ್ಟುಕೊಳ್ಳುತ್ತದೆ. ಕರೆಂಟ್ ಬಂದ ಮೇಲೆ ಎಲ್ಲವೂ ಒಟ್ಟಿಗೆ ಬರುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಹೋದರೆ ಹಳೆಯದ್ದು ಸಿಗುವುದಿಲ್ಲ. ಇಲ್ಲಿ ಇನ್ನೊಂದು ಅಪಾಯ: ಬೆಳಿಗ್ಗೆ ಹತ್ತಕ್ಕೆ ಕೇಳಿದ 'ಇಂದಿನ ಧಾರಣೆ'ಗೆ ಸಂಜೆ ಐದಕ್ಕೆ ಉತ್ತರ ಬಂದರೆ ಓದುವವನಿಗೆ ಗೊಂದಲ. ಧಾರಣೆಯ ಮೆಸೇಜಿನಲ್ಲಿ ದಿನಾಂಕ ಮತ್ತು ಸಮಯ ಇಲ್ಲದೆ ಒಂದೂ ಹೋಗಬಾರದು.

ಕಂಪ್ಯೂಟರೇ ಬೇಡ ಎನ್ನುವವರಿಗೆ ಗೂಗಲ್ ಶೀಟಿನೊಳಗಿನ ಆ್ಯಪ್ಸ್ ಸ್ಕ್ರಿಪ್ಟ್ ಉಂಟು, ಉಚಿತ. ಶೀಟಿನಲ್ಲಿ ಬರೆದದ್ದನ್ನು ಗ್ರೂಪಿಗೆ ಕಳಿಸುವ ಕೆಲಸಕ್ಕೆ ಇದಕ್ಕಿಂತ ಸುಲಭ ಇಲ್ಲ. ಆದರೆ ಮೆಸೇಜು ಕೇಳಿಸಿಕೊಳ್ಳುವ ಕೆಲಸಕ್ಕೆ ತೊಡಕು ಬರುತ್ತದೆ. ವೆಬ್‌ಹುಕ್ ಕೊಟ್ಟರೆ ಗೂಗಲ್ ಉತ್ತರವನ್ನು ಬೇರೆ ವಿಳಾಸಕ್ಕೆ ತಿರುಗಿಸುವುದುಂಟು, ಮೆಸೇಜು ಮುಟ್ಟಲಿಲ್ಲ ಎಂದು ತಿಳಿದು ಟೆಲಿಗ್ರಾಂ ಅದನ್ನೇ ಪುನಃ ಪುನಃ ಕಳಿಸುತ್ತದೆ. ಟೈಮರ್ ಇಟ್ಟು ನಿಮಿಷಕ್ಕೊಮ್ಮೆ ಕೇಳಿದರೆ ಬೇರೆ ಲೆಕ್ಕ: ಸಾಮಾನ್ಯ ಜಿಮೇಲ್ ಖಾತೆಗೆ ದಿನಕ್ಕೆ ಒಟ್ಟು 90 ನಿಮಿಷ ಓಡುವ ಅವಕಾಶ. ದಿನಕ್ಕೆ 1,440 ನಿಮಿಷ, ಅಂದರೆ ಒಂದೊಂದು ಸಲಕ್ಕೆ ನಾಲ್ಕು ಸೆಕೆಂಡೂ ಸಿಗುವುದಿಲ್ಲ. ಐದು ನಿಮಿಷಕ್ಕೊಮ್ಮೆ ಇಟ್ಟರೆ ಪರವಾಗಿಲ್ಲ. ತೂಕದ ಮುಂದೆ ಕೃಷಿಕರನ್ನು ನಿಲ್ಲಿಸಿ ಐದು ನಿಮಿಷ ಕಾಯುವುದು ಮಾತ್ರ ಆಗದ ಮಾತು.

ಮೂರನೆಯದು ತಿಂಗಳಿಗೆ ಬಾಡಿಗೆ ಕೊಡುವ ಕ್ಲೌಡ್ ಸರ್ವರ್. ಕರೆಂಟಿನ ಚಿಂತೆ ಇಲ್ಲ. ಅದರ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಸಮಯದಲ್ಲಿ ಇರುತ್ತದೆ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ರಾತ್ರಿ 8ಕ್ಕೆ ದಿನದ ಲೆಕ್ಕ ಬರಲಿ ಎಂದು ಹಾಗೇ ಬರೆದರೆ ಒಂದೂವರೆ ಗಂಟೆ ರಾತ್ರಿಗೆ ಎಲ್ಲರ ಮೊಬೈಲ್ ಕೂಗುತ್ತದೆ.

ಯಾವುದರಲ್ಲಿ ಓಡಿಸಿದರೂ ಒಂದೇ ಕಡೆ ಓಡಿಸಬೇಕು. ಮನೆಯಲ್ಲಿ ಪರೀಕ್ಷೆ ಮಾಡಿದ್ದನ್ನು ನಿಲ್ಲಿಸದೆ ಅಂಗಡಿಯಲ್ಲೂ ಶುರು ಮಾಡಿದರೆ 409 ಎಂಬ ತಪ್ಪು ತೋರಿಸುತ್ತದೆ. 429 ಬಂದರೆ ಅತಿಯಾಗಿ ಮೆಸೇಜು ಹಾಕಿದ್ದೀರಿ ಎಂದರ್ಥ, ಒಂದು ಗ್ರೂಪಿಗೆ ನಿಮಿಷಕ್ಕೆ 20ರ ಒಳಗೆ ಇರಬೇಕು. ಹಳೆಯ ಮೆಸೇಜಿಗೇ ತಿರುಗಿ ತಿರುಗಿ ಉತ್ತರ ಕೊಡುತ್ತಿದ್ದರೆ, ಕೊನೆಗೆ ಓದಿದ ಮೆಸೇಜಿನ ಸಂಖ್ಯೆಗೆ ಒಂದು ಕೂಡಿಸಿ ಮುಂದಿನದನ್ನು ಕೇಳುವ ಸಾಲು ಬಿಟ್ಟುಹೋಗಿದೆ.

ಕೀಲಿ ಯಾರ ಹತ್ತಿರ?

ಊರಿನಲ್ಲಿ ಇಂಥ ಕೆಲಸ ಹೇಗೆ ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ಇಂಜಿನಿಯರಿಂಗ್ ಓದುವ ತಂಗಿಯ ಮಗನೋ, ಅಂಗಡಿಯಲ್ಲಿ ಬಿಲ್ ಮಾಡುವ ಹುಡುಗನೋ ತನ್ನ ಮೊಬೈಲಿನಲ್ಲಿ ತನ್ನ ಟೆಲಿಗ್ರಾಂ ಖಾತೆಯಿಂದ ಬಾಟ್ ಮಾಡುತ್ತಾನೆ. ಚೆನ್ನಾಗಿ ಓಡುತ್ತದೆ. ಆರು ತಿಂಗಳಲ್ಲಿ ಅವನಿಗೆ ಬೆಂಗಳೂರಿನಲ್ಲೋ ದುಬೈಯಲ್ಲೋ ಕೆಲಸ ಸಿಗುತ್ತದೆ. ಬಾಟ್ ಅವನ ಖಾತೆಯದ್ದು. ಅಂಗಡಿಯದ್ದು ಅಲ್ಲ.

ಅವನು ಒಳ್ಳೆಯವನೇ ಇರಬಹುದು, ಪ್ರಶ್ನೆ ಅದಲ್ಲ. ನಂಬರ್ ರೀಚಾರ್ಜ್ ಆಗದಿದ್ದರೆ ಕೆಲವು ಸಮಯದ ಮೇಲೆ ಅದು ಬೇರೆಯವರಿಗೆ ಹೋಗಬಹುದು. ತುಂಬಾ ಕಾಲ ಬಳಸದ ಟೆಲಿಗ್ರಾಂ ಖಾತೆ ತಾನಾಗಿ ಅಳಿದುಹೋಗುತ್ತದೆ. ಆಗ ಬಾಟ್‌ನ ಟೋಕನ್ ಬದಲಿಸಲು ಅಂಗಡಿಯವರಿಗೆ ದಾರಿಯೇ ಇಲ್ಲ. ಟೋಕನ್ ಒಂದು ಪ್ರತಿ ಎಲ್ಲೋ ಉಳಿದಿದ್ದರೆ, ಉದಾಹರಣೆಗೆ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದರೆ, ಅದನ್ನು ಕಂಡವರು ಯಾರಾದರೂ ನಿಮ್ಮ ಬಾಟ್‌ನ ಹೆಸರಿನಲ್ಲೇ ನಿಮ್ಮ ಗ್ರೂಪಿಗೆ ತಪ್ಪು ಧಾರಣೆ ಕಳಿಸಬಹುದು. ಬ್ರಾಂಚಿನವರು ನಂಬುತ್ತಾರೆ, ಯಾಕೆಂದರೆ ಬಾಟ್ ಹೇಳಿದ್ದನ್ನು ನಂಬಬೇಕು ಎಂದೇ ಅವರಿಗೆ ಕಲಿಸಿದ್ದು.

ಆದ್ದರಿಂದ ಬಾಟ್ ಅನ್ನು ಶುರುವಿನಲ್ಲೇ ಯಜಮಾನರ ಖಾತೆಯಿಂದ ಮಾಡಿಸಬೇಕು, ಹುಡುಗ ಪಕ್ಕದಲ್ಲಿ ಕೂತು ಹೇಳಿಕೊಡಲಿ. ಆ ಖಾತೆಗೆ ಎರಡು ಹಂತದ ಪಾಸ್‌ವರ್ಡ್ ಹಾಕಿರಬೇಕು. ಟೋಕನ್ ಅನ್ನು ಪ್ರೋಗ್ರಾಂ ಸಾಲಿನೊಳಗೆ ಬರೆಯದೆ ಬೇರೆ ಕಡತದಲ್ಲಿ, ಆ್ಯಪ್ಸ್ ಸ್ಕ್ರಿಪ್ಟ್ ಆದರೆ ಅದರ 'ಸ್ಕ್ರಿಪ್ಟ್ ಪ್ರಾಪರ್ಟೀಸ್' ಒಳಗೆ ಇಡಬೇಕು. ಗೂಗಲ್ ಶೀಟೂ ಅಂಗಡಿಯ ಜಿಮೇಲ್‌ನದ್ದೇ ಆಗಿರಲಿ, ಕೆಲಸದವರಿಗೆ ಬೇಕಾದಷ್ಟು ಶೇರ್ ಮಾಡಿದರಾಯಿತು. ಬಾಟ್‌ಫಾದರ್‌ನಲ್ಲಿ ಬೇರೆ ಗ್ರೂಪಿಗೆ ಸೇರಿಸುವುದನ್ನು ತಡೆಯುವ ಸೆಟ್ಟಿಂಗ್ ಉಂಟು. ಅಂಗಡಿ ಗ್ರೂಪಿಗೆ ಸೇರಿಸಿದ ಮೇಲೆ ಅದನ್ನು ಹಾಕಿಬಿಡಬೇಕು.

ಬಾಟ್ ಜೊತೆಗಿನ ಮಾತು ಟೆಲಿಗ್ರಾಂನ 'ಸೀಕ್ರೆಟ್ ಚಾಟ್' ಹಾಗೆ ಎರಡು ಮೊಬೈಲುಗಳ ನಡುವೆ ಮಾತ್ರ ಬೀಗ ಹಾಕಿದ್ದಲ್ಲ. ಕಂಪೆನಿಯ ಸರ್ವರಿನಲ್ಲೂ ಇರುತ್ತದೆ, ನಿಮ್ಮ ಪ್ರೋಗ್ರಾಂನಲ್ಲೂ ಇರುತ್ತದೆ. ಕೃಷಿಕರ ಆಧಾರ್, ಬ್ಯಾಂಕ್ ಖಾತೆ ನಂಬರ್, ಸಾಲದ ಲೆಕ್ಕ ಅದರಲ್ಲಿ ಹಾಕಬಾರದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂದಿದೆ. ಅಂಗಡಿ ಸಣ್ಣದು ಎಂದು ಬೇರೆಯವರ ಮಾಹಿತಿ ಸಣ್ಣದಾಗುವುದಿಲ್ಲ.

ಈಗಾಗಲೇ ಯಾರದ್ದೋ ಖಾತೆಯಲ್ಲಿ ಬಾಟ್ ಓಡುತ್ತಿದ್ದರೆ, ಅವರು ಊರಿನಲ್ಲಿ ಇರುವಾಗಲೇ ಮುಗಿಸಿಕೊಳ್ಳಿ. ಬಾಟ್‌ಫಾದರ್‌ನಲ್ಲಿ ಅವರ ಬಾಟ್‌ಗಳ ಪಟ್ಟಿ ತೆರೆದು, ಅಂಗಡಿಯದ್ದನ್ನು ಒತ್ತಿದರೆ 'ಟ್ರಾನ್ಸ್‌ಫರ್ ಓನರ್‌ಶಿಪ್' ಎಂದು ಕಾಣುತ್ತದೆ. ಕೊಡುವವರ ಖಾತೆಯಲ್ಲಿ ಎರಡು ಹಂತದ ಪಾಸ್‌ವರ್ಡ್ ಮೊದಲೇ ಇದ್ದಿರಬೇಕು. ಹೊಸದಾಗಿ ಹಾಕಿದರೆ ಕೆಲವು ದಿನ ಕಾಯಿಸುತ್ತದೆ, ಹಾಗಾಗಿ ಬಸ್ಸು ಹತ್ತುವ ದಿನ ಬೆಳಿಗ್ಗೆಗೆ ಇಟ್ಟುಕೊಳ್ಳಬೇಡಿ. ವರ್ಗಾವಣೆ ಆದ ಮೇಲೆ ಯಜಮಾನರ ಖಾತೆಯಿಂದ 'ರಿವೋಕ್' ಕೊಟ್ಟು ಹೊಸ ಟೋಕನ್ ತೆಗೆದು ಪ್ರೋಗ್ರಾಂನಲ್ಲಿ ಬದಲಿಸಬೇಕು. ಹಳೆಯ ಟೋಕನ್ ಆ ಕ್ಷಣವೇ ಕೆಲಸ ನಿಲ್ಲಿಸುತ್ತದೆ.